ನಿಮ್ಮನೇಲಿ ಇಂಜೆಕ್ಷನ್ ಯಾರು ಕೊಡ್ತಿದ್ರು?

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದೂವರೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಊರಿನ ಪಶ್ಚಿಮ ಭಾಗದಲ್ಲಿ ಒಂದು ಚರ್ಚಿನ ಪಾರ್ಕಿಂಗ್ ಜಾಗ. ಬಿಸಿಲು ನಮ್ಮ ರಾಯಚೂರಿಗೇನೂ ಕಮ್ಮಿ ಇರಲಿಲ್ಲ. ಮಡಚುವ ಟೇಬಲ್ ಮೇಲೆ ಕರಪತ್ರ, ಪೆನ್ನು, ನೀರಿನ ಬಾಟಲಿ ಜೋಡಿಸಿಕೊಂಡು ನಾನು ಕೂತಿದ್ದೆ. ಹಿಂದೆ ಬ್ಯಾನರ್: ಹೆಪಟೈಟಿಸ್ ಸಿ ಪರೀಕ್ಷೆ, ಉಚಿತ, 20 ನಿಮಿಷ. ಇಂಗ್ಲಿಷ್‌ನಲ್ಲೂ ಇತ್ತು, ಸ್ಪ್ಯಾನಿಷ್‌ನಲ್ಲೂ ಇತ್ತು.

ಒಬ್ಬರೂ ಬರಲಿಲ್ಲ.

ಪಕ್ಕದ ಟೇಬಲ್‌ನಲ್ಲಿ ಶುಗರ್ ಟೆಸ್ಟ್. ಅಲ್ಲಿ ಹತ್ತು ಜನ ಸಾಲಲ್ಲಿದ್ದರು. ಅದರಾಚೆ ಟಾಕೋ ಮಾರುವ ಗಾಡಿ, ಅಲ್ಲಿ ಮೂವತ್ತು ಜನ. ನಮ್ಮ ಮುಂದೆ ಹಾದುಹೋದವರು ಬ್ಯಾನರ್ ಓದಿ, ಒಂದು ನಗು ನಕ್ಕು, ಮಕ್ಕಳ ಕೈ ಹಿಡಿದು ಬೇಗ ಬೇಗ ಮುಂದೆ ಹೋಗ್ತಿದ್ರು. ಧೈರ್ಯ ಮಾಡಿ ಕರೆದರೆ ಎಲ್ಲರದೂ ಒಂದೇ ಉತ್ತರ. "ನೋ ಮೆ ದುವೆಲೆ ನಾದಾ." ನಂಗೇನೂ ನೋವಿಲ್ಲ.

ನಾನಾಗ ಈ ಊರಿಗೆ ಬಂದು ಒಂದು ವರ್ಷ ಆಗಿತ್ತಷ್ಟೆ. ಗಂಡನ ಕೆಲಸ ಇಲ್ಲಿ, ನನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ. ಮನೇಲಿ ಕೂತು ಕೂತು ತಲೆ ಕೆಟ್ಟು ಒಂದು ಸಣ್ಣ ಆರೋಗ್ಯ ಸೇವಾ ತಂಡಕ್ಕೆ ಸ್ವಯಂಸೇವಕಿಯಾಗಿ ಸೇರಿಕೊಂಡಿದ್ದೆ. ಮೊಬೈಲ್ ಆ್ಯಪ್‌ನಲ್ಲಿ ಕಲಿತ ಸ್ಪ್ಯಾನಿಷ್ ನನ್ನ ಬಂಡವಾಳ. ಈ ಊರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಹಿಸ್ಪಾನಿಕ್ ಮೂಲದವರು, ಬಹುಪಾಲು ಮೆಕ್ಸಿಕೋ ಕಡೆಯವರು. ಅವರ ಭಾಷೆ ಬಾರದಿದ್ರೆ ಇಲ್ಲಿ ತರಕಾರಿ ಕೊಳ್ಳೋದರ ಅರ್ಧ ಖುಷಿಯೇ ಇಲ್ಲ.

ಹನ್ನೆರಡರ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಇಸ್ತ್ರಿ ಮಾಡಿದ ನೀಲಿ ಫ್ರಾಕು, ಕೈಯಲ್ಲಿ ಜಪಮಾಲೆ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ತಕ್ಷಣ ಫಾರಂ ಕೊಟ್ಟೆ. ಹೆಸರು, ವಯಸ್ಸು ಬರೆದರು. ಮೂರನೇ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ಆ ಪ್ರಶ್ನೆ ಹೀಗಿತ್ತು: ನೀವು ಎಂದಾದರೂ, ಒಂದೇ ಒಂದು ಸಲವಾದರೂ, ಮಾದಕ ವಸ್ತುವನ್ನು ಸೂಜಿಯಲ್ಲಿ ಚುಚ್ಚಿಕೊಂಡಿದ್ದೀರಾ? ಅವರು ಪೆನ್ನನ್ನು ಮೆಲ್ಲಗೆ ಫಾರಂ ಮೇಲಿಟ್ಟರು. ಬೈಯಲಿಲ್ಲ. ಫಾರಂ ಮಡಚಿ ತಮ್ಮ ಚೀಲದೊಳಗೆ ಹಾಕಿಕೊಂಡು ಹೋದರು, ತಮ್ಮ ಹೆಸರು ಅಲ್ಲಿ ಉಳೀಬಾರದು ಅನ್ನೋ ಹಾಗೆ.

ಇದನ್ನೆಲ್ಲ ದೂರದಿಂದ ನೋಡ್ತಿದ್ದವರು ನಮ್ಮ ತಂಡದ ಹಿರಿಯಾಕೆ. ಇಂಥವರನ್ನು ಇಲ್ಲಿ 'ಪ್ರೊಮೊತೋರಾ' ಅಂತಾರೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದು, ಒಂದಿಷ್ಟು ತರಬೇತಿ ಪಡೆದು, ಜನರಿಗೂ ಆಸ್ಪತ್ರೆಗೂ ನಡುವೆ ಓಡಾಡುವವರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅಂತಿಟ್ಟುಕೊಳ್ಳಿ. ಎಲ್ಲರೂ ಅವರನ್ನು 'ತೀಯಾ' ಅಂತಿದ್ರು, ಅಂದ್ರೆ ಚಿಕ್ಕಮ್ಮ, ಅತ್ತೆ, ಎರಡೂ. ನಾನೂ ಹಾಗೇ ಕರೀತಿದ್ದೆ.

ತೀಯಾ ಬಂದು ಫಾರಂಗಳ ಕಟ್ಟನ್ನು ಟೇಬಲ್ ಕೆಳಗಿಟ್ಟರು. ಪಕ್ಕದ ಬೇಕರಿಯಿಂದ ಸಿಹಿ ಬನ್ನಿನ ಒಂದು ಡಬ್ಬ ತರಿಸಿ ಟೇಬಲ್ ಮೇಲೆ ಇಟ್ಟರು. ಆಮೇಲೆ ಹಾದುಹೋಗ್ತಿದ್ದ ಮೂವರು ಹೆಂಗಸರನ್ನು ತಡೆದು ಒಂದು ಪ್ರಶ್ನೆ ಕೇಳಿದರು. "ನೀವು ಚಿಕ್ಕವರಿದ್ದಾಗ ನಿಮ್ಮನೇಲಿ ಇಂಜೆಕ್ಷನ್ ಯಾರು ಕೊಡ್ತಿದ್ರು?"

ಮೂವರೂ ಗೊಳ್ಳಂತ ನಕ್ಕರು. "ನಮ್ಮ ಪಕ್ಕದ ಮನೆಯವಳು!" "ನಮ್ಮಜ್ಜಿ! ಅಯ್ಯೋ, ಆ ದಬ್ಬಳದಂಥ ಸೂಜಿ!" "ನಮ್ಮೂರಲ್ಲಿ ಒಬ್ಬಳೇ ಇಡೀ ಬೀದಿಗೆ ಚುಚ್ತಿದ್ಲು, ಒಂದೇ ಸಿರಿಂಜು, ನೀರಲ್ಲಿ ಕುದಿಸಿ ಕುದಿಸಿ." ಜ್ವರಕ್ಕೆ ಆ್ಯಂಟಿಬಯೋಟಿಕ್, ಸುಸ್ತಿಗೆ ವಿಟಮಿನ್, ಎಲ್ಲಕ್ಕೂ ಸೂಜಿ. ಮೆಕ್ಸಿಕೋ, ಮಧ್ಯ ಅಮೆರಿಕದ ಊರುಗಳಲ್ಲಿ ಮನೆಯಲ್ಲೇ ಇಂಜೆಕ್ಷನ್ ಹಾಕಿಸಿಕೊಳ್ಳೋದು ತೀರಾ ಸಾಮಾನ್ಯ. ಡಾಕ್ಟರು ದೂರ, ದುಡ್ಡು ಕಮ್ಮಿ. ಚುಚ್ಚಲು ಬರುವ ಒಬ್ಬಾಕೆ ಬೀದಿಯಲ್ಲಿದ್ರೆ ಅವಳೇ ಎಲ್ಲರಿಗೂ ದೇವರು.

ತೀಯಾ ನಗ್ತಾನೇ ಮಾತು ಮುಂದುವರಿಸಿದರು. "ನಮ್ಮನೇಲೂ ಹಾಗೇ. ಕುದಿಸಿದ್ದು ಸಾಕಾಗ್ತಿತ್ತೋ ಇಲ್ವೋ ಯಾರಿಗೆ ಗೊತ್ತು? ಆ ಸೂಜಿ ಏನಾದ್ರೂ ಬಿಟ್ಟುಹೋಗಿದ್ಯಾ ಅಂತ ನಾನು ನೋಡಿಸಿಕೊಂಡೆ. ನೀವೂ ನೋಡಿಸಿ. ಬನ್ ತಿನ್ನೋಷ್ಟರಲ್ಲಿ ಮುಗಿಯುತ್ತೆ."

ಅವತ್ತು ಸಂಜೆಯೊಳಗೆ ಇಪ್ಪತ್ತಾರು ಜನ ಬೆರಳು ಮುಂದೆ ಮಾಡಿದರು. ನೀಲಿ ಫ್ರಾಕಿನ ಅಜ್ಜಿ ಮಾತ್ರ ವಾಪಸ್ ಬರಲಿಲ್ಲ.

ಪ್ರಶ್ನೆ ಬದಲಾದರೆ ಪರೀಕ್ಷೆ ಬದಲಾಗುತ್ತೆ ಅನ್ನೋದನ್ನ ನಾನು ಕಲಿತಿದ್ದು ಆ ದಿನ. ನಾವು "ನೀನು ಏನು ತಪ್ಪು ಮಾಡಿದ್ದೀಯ?" ಅಂತ ಕೇಳ್ತಿದ್ವಿ. ತೀಯಾ "ನಮ್ಮೆಲ್ಲರಿಗೂ ಏನಾಗಿತ್ತು?" ಅಂತ ಕೇಳಿದರು.

ಅಸಲಿಗೆ ಆ ಮೂರನೇ ಪ್ರಶ್ನೆಯ ಅಗತ್ಯವೇ ಇರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2020ರಲ್ಲೇ ಹೇಳಿತ್ತು, 18 ತುಂಬಿದ ಪ್ರತಿಯೊಬ್ಬರೂ ಜೀವನದಲ್ಲಿ ಒಂದು ಸಲವಾದರೂ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಬೇಕು ಅಂತ. ಕಾರಣ ಹೇಳಬೇಕಿಲ್ಲ. ನಮ್ಮ ಫಾರಂ ಹಳೇ ಕಾಲದ್ದು. ಮುಂದಿನ ಶಿಬಿರಕ್ಕೆ ಅದನ್ನ ಬದಲಿಸಿದೆವು.

ಇಲ್ಲಿ ಸ್ವಲ್ಪ ವಿಷಯ ಹೇಳಿಬಿಡ್ತೀನಿ, ಆಮೇಲೆ ಕಥೆಗೆ ಬರೋಣ.

ಹೆಪಟೈಟಿಸ್ ಅಂದ್ರೆ ಲಿವರ್‌ನ ಉರಿಯೂತ. ನಮ್ಮಲ್ಲಿ ಕಾಮಾಲೆ ಅಂದರೆ ಕಣ್ಣು ಹಳದಿ, ಮೂತ್ರ ಹಳದಿ, ನೆಲನೆಲ್ಲಿ ಸೊಪ್ಪಿನ ರಸ, ಪಥ್ಯ, ಇಷ್ಟೇ ಗೊತ್ತು. ಆದರೆ ಬಿ ಮತ್ತು ಸಿ ಅನ್ನೋ ಎರಡು ವೈರಸ್‌ಗಳು ಬಹಳ ಜನರಲ್ಲಿ ಕಣ್ಣು ಹಳದಿ ಮಾಡೋದೇ ಇಲ್ಲ. ಸುಮ್ಮನೆ ಲಿವರ್ ಒಳಗೆ ಕೂತಿರುತ್ತವೆ, ಇಪ್ಪತ್ತು ಮೂವತ್ತು ವರ್ಷ. ಲಿವರ್‌ಗೆ ನೋವು ಹೇಳಿಕೊಳ್ಳೋ ಅಭ್ಯಾಸ ಇಲ್ಲ. ಹೇಳುವ ಹೊತ್ತಿಗೆ ಸಿರೋಸಿಸ್ ಆಗಿರುತ್ತೆ, ಇಲ್ಲವೇ ಕ್ಯಾನ್ಸರ್. ಹಾಗಾಗಿ "ನಂಗೇನೂ ನೋವಿಲ್ಲ" ಅನ್ನೋ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಎರಡೂ ಹರಡೋದು ಮುಖ್ಯವಾಗಿ ರಕ್ತದಿಂದ. ಬಳಸಿದ ಸೂಜಿ, ತಪಾಸಣೆ ಮಾಡದ ರಕ್ತ, ಶುದ್ಧ ಮಾಡದ ಹಚ್ಚೆ ಸೂಜಿ, ಬೇರೆಯವರ ರೇಜರ್. ಬಿ ವೈರಸ್ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆ ವೇಳೆ ತಾಯಿಯಿಂದ ಮಗುವಿಗೂ ಸುಲಭವಾಗಿ ಹರಡುತ್ತೆ. ಒಟ್ಟಿಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಅಪ್ಪಿಕೊಂಡರೆ ಹರಡಲ್ಲ. ಬಿಗೆ ಲಸಿಕೆ ಇದೆ, ಪೂರ್ತಿ ಗುಣಪಡಿಸುವ ಔಷಧ ಇಲ್ಲ, ಹದ್ದುಬಸ್ತಿನಲ್ಲಿಡುವ ಮಾತ್ರೆ ಇದೆ. ಸಿಗೆ ಲಸಿಕೆ ಇಲ್ಲ, ಆದರೆ ಎಂಟರಿಂದ ಹನ್ನೆರಡು ವಾರ ಮಾತ್ರೆ ನುಂಗಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗ್ತಾರೆ.

ಮೇ ತಿಂಗಳು ಅಮೆರಿಕದಲ್ಲಿ ಹೆಪಟೈಟಿಸ್ ಜಾಗೃತಿಯ ತಿಂಗಳು. ಅದರಲ್ಲಿ 15ನೇ ತಾರೀಖು ಹಿಸ್ಪಾನಿಕ್ ಸಮುದಾಯಕ್ಕೆಂದೇ ಮೀಸಲು. ಪ್ರತ್ಯೇಕ ದಿನ ಯಾಕೆ ಅಂತ ನಾನೂ ಕೇಳಿದ್ದೆ. ಅಮೆರಿಕದ ಬಿಳಿಯರಿಗೆ ಹೋಲಿಸಿದರೆ ಹಿಸ್ಪಾನಿಕ್ ಜನರಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚುಕಮ್ಮಿ ಎರಡು ಪಟ್ಟು. ನಾವಿರೋ ದಕ್ಷಿಣ ಟೆಕ್ಸಸ್‌ನಲ್ಲಂತೂ ಇನ್ನೂ ಜಾಸ್ತಿ. ಅದಕ್ಕೆ ವೈರಸ್ ಒಂದೇ ಕಾರಣ ಅಲ್ಲ. ಡಯಾಬಿಟಿಸ್ ಇದೆ, ಫ್ಯಾಟಿ ಲಿವರ್ ಇದೆ, ಕುಡಿತ ಇದೆ. ಆದರೆ ಈ ಪಟ್ಟಿಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸುಳಿವು ಸಿಗೋದು, ಮೂರು ತಿಂಗಳಲ್ಲಿ ಕಿತ್ತುಹಾಕಬಹುದಾದ್ದು ಸಿ ವೈರಸ್ ಒಂದೇ.

'ಹಿಸ್ಪಾನಿಕ್' ಅನ್ನೋದೂ ಒಂದು ಜನ ಅಲ್ಲ. ಹೊರಗಿನವರು ನಮ್ಮನ್ನೆಲ್ಲ ಸೇರಿಸಿ 'ಸೌತ್ ಇಂಡಿಯನ್' ಅಂದುಬಿಡ್ತಾರಲ್ಲ, ಹಾಗೆ. ಬ್ರಾಂಕ್ಸ್, ಶಿಕಾಗೋ, ಮಯಾಮಿ, ಸ್ಯಾನ್ ಡಿಯಾಗೋ ಈ ನಾಲ್ಕು ಕಡೆ ಹದಿನಾರು ಸಾವಿರ ಹಿಸ್ಪಾನಿಕ್ ಜನರನ್ನು ಸೇರಿಸಿ ನಡೆಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಪೋರ್ಟೊ ರಿಕೊ ಮೂಲದ ಗಂಡಸರಲ್ಲಿ ನೂರಕ್ಕೆ 11.6 ಮಂದಿಗೆ ಸಿ ವೈರಸ್ ತಗುಲಿದ ಗುರುತು ಸಿಕ್ಕಿತ್ತು. ದಕ್ಷಿಣ ಅಮೆರಿಕ ಮೂಲದ ಗಂಡಸರಲ್ಲಿ ಬರೀ 0.4. ಒಂದೇ ಹೆಸರಿನ ಕೆಳಗೆ ಇಷ್ಟು ಅಂತರ. ಸರಾಸರಿ ತೆಗೆದರೆ ಇಬ್ಬರ ಕಥೆಯೂ ಮರೆಯಾಗುತ್ತೆ.

ಈಗ ಕಥೆಗೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇನ್ನೊಂದು ಶಿಬಿರ. ಈ ಸಲ ವಾರಾಂತ್ಯದ ಸಂತೆ ಜಾಗದಲ್ಲಿ. ಐವತ್ತು ದಾಟಿದ ಒಬ್ಬ ಮನುಷ್ಯ ಬಂದು ಕೂತ. ಮನೆಗಳಿಗೆ ಛಾವಣಿ ಹಾಕುವ ಕೆಲಸ. ಅಂಗೈ ಹಲಗೆಯಂತೆ ಗಟ್ಟಿ, ಸೂಜಿ ಚುಚ್ಚಿದರೆ ರಕ್ತ ಬರಲು ಎರಡು ಸಲ ಬೇಕಾಯ್ತು. ಅವನೇ ಆಮೇಲೆ ತನ್ನ ಕಥೆ ಹೇಳಿಕೊಂಡ, ಬರೆಯೋದಕ್ಕೂ ಒಪ್ಪಿದ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೀನಿ.

20 ನಿಮಿಷ ಕಾಯಬೇಕಿತ್ತಲ್ಲ, ಮಾತಾಡಿಸಿದೆ. ನನ್ನ ಹರಕು ಸ್ಪ್ಯಾನಿಷ್ ಕೇಳಿ ಅವನಿಗೆ ನಗು. ಎಲ್ಲಿಯವಳು ಅಂತ ಕೇಳಿದ. ಇಂಡಿಯಾ ಅಂದೆ. "ಅಲ್ಲೂ ಇದು ಇದೆಯಾ?" ಅಂದ. ಇದೆ ಅಂದೆ. ಆಗ ಬಂತು ಆ ಪ್ರಶ್ನೆ.

"ಇ ಉಸ್ತೆದ್?" ಮತ್ತೆ ನೀವು? ನೀವು ಮಾಡಿಸಿದ್ದೀರಾ?

"ಸಿ," ಅಂದೆ. ಹೌದು.

ಸುಳ್ಳು. ಅಪ್ಪಟ ಸುಳ್ಳು. ನಾನು ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಆರು ತಿಂಗಳಿಂದ ಊರಿನವರ ಬೆರಳನ್ನೆಲ್ಲ ಚುಚ್ಚಿಸ್ತಿದ್ದೆ, ನನ್ನ ಬೆರಳು ನೆನಪಾಗಿರಲಿಲ್ಲ. ನೆನಪಾಗಿರಲಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ನಂಗೇನಾಗಿದೆ, ಓದಿದವಳು, ಒಳ್ಳೇ ಮನೆಯವಳು, ಇದು ಅವರ ಕಾಯಿಲೆ, ಹೀಗೊಂದು ಯೋಚನೆ ಒಳಗೆಲ್ಲೋ ಇತ್ತು. ಆ ನೀಲಿ ಫ್ರಾಕಿನ ಅಜ್ಜಿಗೂ ನನಗೂ ಏನು ವ್ಯತ್ಯಾಸ? ಅವರಾದರೂ ಸುಳ್ಳು ಹೇಳಲಿಲ್ಲ.

ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿತು. ನರ್ಸ್ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಎರಡನೇ ಗೆರೆ ಅಂದ್ರೆ ಕಾಯಿಲೆ ಇದೆ ಅಂತಲೇ ಅಲ್ಲ. ವೈರಸ್ ಯಾವತ್ತೋ ಒಂದು ದಿನ ಬಂದಿತ್ತು, ದೇಹ ಅದಕ್ಕೆ ಪ್ರತಿಕಾಯ ಮಾಡಿಕೊಂಡಿದೆ ಅಂತಷ್ಟೇ ಅರ್ಥ. ಸುಮಾರು ಮೂರರಲ್ಲಿ ಒಂದು ಪಾಲು ಜನರಲ್ಲಿ ಅದು ತಾನಾಗಿಯೇ ಹೊರಟುಹೋಗುತ್ತೆ. ಈಗ ರಕ್ತದಲ್ಲಿ ಇದೆಯೋ ಇಲ್ಲವೋ ತಿಳಿಯಲು ಆರ್‌ಎನ್‌ಎ ಪರೀಕ್ಷೆ ಬೇಕು. ಅದಕ್ಕೆ ಅವನು ಇನ್ನೊಂದು ದಿನ ಕ್ಲಿನಿಕ್‌ಗೆ ಬರಬೇಕಿತ್ತು.

ಬರಲಿಲ್ಲ. ಫೋನ್ ಎತ್ತಲಿಲ್ಲ.

ಪರೀಕ್ಷಾ ಶಿಬಿರಗಳು ಸೋಲೋದು ಇಲ್ಲೇ ಅಂತ ತೀಯಾ ಹೇಳ್ತಿದ್ರು. ಮೊದಲ ಟೆಸ್ಟ್ ಮಾಡೋದು ಸುಲಭ, ಫೋಟೋ ತೆಗೆಸಿಕೊಳ್ಳೋದೂ ಸುಲಭ. ಮೊದಲನೆಯ ಟೆಸ್ಟಿನಿಂದ ಎರಡನೆಯದಕ್ಕೆ ಹೋಗುವ ದಾರಿಯಲ್ಲಿ ಜನ ಕಳೆದುಹೋಗ್ತಾರೆ. ಒಂದು ದಿನ ರಜೆ ಹಾಕಿದರೆ ಅವತ್ತಿನ ಕೂಲಿ ಇಲ್ಲ. ಇಡೀ ಅಮೆರಿಕದಲ್ಲಿ ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಅತಿ ಹೆಚ್ಚು ಇರೋದು ಟೆಕ್ಸಸ್‌ನಲ್ಲೇ. ಕೆಲವರಿಗೆ ವಲಸೆಯ ಕಾಗದಪತ್ರದ ಭಯ. ಆಸ್ಪತ್ರೆಯಲ್ಲಿ ಹೆಸರು ಬರೆಸಿದರೆ ಅದು ಎಲ್ಲೆಲ್ಲಿಗೆ ಹೋಗುತ್ತೋ ಅನ್ನೋ ಅನುಮಾನ. ಎಲ್ಲದಕ್ಕಿಂತ ದೊಡ್ಡದು, ಹೆಂಡತಿಗೆ ಏನು ಹೇಳೋದು?

ತೀಯಾ ಮೂರು ವಾರ ಬಿಟ್ಟುಬಿಡದೆ ಫೋನ್ ಮಾಡಿದರು. ಕೆಲಸ ಮುಗಿದ ಮೇಲೆ, ರಾತ್ರಿ ಎಂಟಕ್ಕೆ. ಮೆಸೇಜ್‌ನಲ್ಲಿ ಕಾಯಿಲೆಯ ಹೆಸರು ಒಂದು ಸಲವೂ ಬರೆಯಲಿಲ್ಲ. "ನಿಮ್ಮ ಬನ್ ಇಲ್ಲೇ ಉಳಿದಿದೆ" ಅಂತ ಮಾತ್ರ. ನಾಲ್ಕನೇ ವಾರ ಅವನೇ ಕರೆ ಮಾಡಿದ. ಹೆಂಡತಿಗೆ ಹೇಳಿದನಂತೆ. ಅವಳು ಅವತ್ತಿಂದ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಾಳೆ. ಮೊಮ್ಮಗಳನ್ನು ಎತ್ತಿಕೊಳ್ಳೋಕೆ ಬಿಡ್ತಿಲ್ಲ. "ಕಾಯಿಲೆಗಿಂತ ಆ ತಟ್ಟೆ ನೋಡೋದು ಕಷ್ಟ" ಅಂದನಂತೆ.

ತೀಯಾ ಅವತ್ತೇ ಅವರ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಉಪದೇಶ ಏನೂ ಇಲ್ಲ. ಊಟದ ಹೊತ್ತಾಗಿತ್ತು, ಬೀನ್ಸ್, ಅನ್ನ, ಟೋರ್ಟಿಯಾ. ತೀಯಾ ಅವನ ತಟ್ಟೆಯಿಂದ ಒಂದು ಟೋರ್ಟಿಯಾ ಮುರಿದು ಬಾಯಿಗೆ ಹಾಕಿಕೊಂಡರು, ಮಾತಾಡ್ತಾ ಮಾತಾಡ್ತಾ. ಹೆಂಡತಿ ನೋಡ್ತಾನೇ ಇದ್ದಳು. ಆಮೇಲೆ ಕೇಳಿದಳು, "ಇವರಿಗೆ ಇದು ಎಲ್ಲಿಂದ ಬಂತು?" ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು, ಎಲ್ಲರಿಗೂ ಗೊತ್ತಾಯಿತು.

ಉತ್ತರ ಅವನ ಹೊಟ್ಟೆಯ ಮೇಲಿತ್ತು. 1986ರಲ್ಲಿ ಮೆಕ್ಸಿಕೋದಲ್ಲಿ ಟ್ರಕ್ ಮಗುಚಿ ಆಪರೇಷನ್ ಆದ ಗಾಯದ ಗುರುತು. ಆಗ ನಾಲ್ಕು ಬಾಟಲಿ ರಕ್ತ ಹಾಕಿದ್ದರು. ಸಿ ವೈರಸ್ ಯಾವುದು ಅಂತ ವಿಜ್ಞಾನಿಗಳು ಪತ್ತೆ ಮಾಡಿದ್ದೇ 1989ರಲ್ಲಿ. ಆ ಸಂಶೋಧನೆಗೆ 2020ರಲ್ಲಿ ಹಾರ್ವಿ ಆಲ್ಟರ್, ಮೈಕಲ್ ಹಾಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಬಂತು. 1986ರಲ್ಲಿ ಜಗತ್ತಿನ ಯಾವ ಆಸ್ಪತ್ರೆಯೂ ಆ ರಕ್ತವನ್ನು ಪರೀಕ್ಷಿಸೋದು ಸಾಧ್ಯವಿರಲಿಲ್ಲ. ಆ ರಕ್ತದಿಂದಲೇ ಬಂತು ಅಂತ ಖಡಾಖಂಡಿತ ಹೇಳೋಕಾಗಲ್ಲ, ಆದರೆ ಅದಕ್ಕಿಂತ ಬೇರೆ ದಾರಿ ಹುಡುಕಬೇಕಿಲ್ಲ. ಇದನ್ನು ಕೇಳಿದ ಮೇಲೆ ಆಕೆ ಎದ್ದು ಹೋಗಿ ಗಂಡನಿಗೆ ಇನ್ನೊಂದು ಟೋರ್ಟಿಯಾ ತಂದು ಹಾಕಿದಳು. ತನ್ನದೇ ತಟ್ಟೆಯಿಂದ.

ಅವತ್ತು ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ತೀಯಾಗೆ ನನ್ನ ಸುಳ್ಳಿನ ಬಗ್ಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ನಿಮ್ಮನೇಲಿ ಇಂಜೆಕ್ಷನ್ ಯಾರು ಕೊಡ್ತಿದ್ರು?" ಅಂತಷ್ಟೇ ಕೇಳಿದರು.

ನನಗೆ ತಕ್ಷಣ ನೆನಪಾಗಿದ್ದು ಅರಸೀಕೆರೆ ಹತ್ತಿರದ ನಮ್ಮೂರಿನ ಕಾಂಪೌಂಡರ್ ಮಾಮ. ಸೈಕಲ್ಲು, ಕ್ಯಾರಿಯರ್‌ಗೆ ಕಟ್ಟಿದ ಚರ್ಮದ ಬ್ಯಾಗು, ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜು. ಒಲೆ ಮೇಲೆ ನೀರಿಟ್ಟು ಕುದಿಸಿ, ನನಗೆ, ಅಣ್ಣನಿಗೆ, ಆಮೇಲೆ ಪಕ್ಕದ ಮನೆಗೆ. ಸಿರಿಂಜು ಕುದಿಯೋದು ಎಷ್ಟು ಹೊತ್ತು? ಅಮ್ಮ ಕಾಫಿ ಕೊಡೋವಷ್ಟು ಹೊತ್ತು.

ಮುಂದಿನ ತಿಂಗಳು ಮಾಮೂಲಿ ತಪಾಸಣೆಗೆ ಹೋದಾಗ ಡಾಕ್ಟರನ್ನು ನಾನೇ ಕೇಳಿದೆ. ಅವರು ಸಿ ಜೊತೆಗೆ ಬಿ ಪರೀಕ್ಷೆಯನ್ನೂ ಬರೆದರು. 2023ರಿಂದ ಎಲ್ಲ ವಯಸ್ಕರೂ ಒಮ್ಮೆಯಾದರೂ ಬಿ ಪರೀಕ್ಷೆ ಮಾಡಿಸಬೇಕು ಅಂತಲೂ ಸಿಡಿಸಿ ಹೇಳಿದೆ. ಅದಕ್ಕೂ ಬಹಳ ಮೊದಲೇ, ಭಾರತದಂಥ ದೇಶಗಳಲ್ಲಿ ಹುಟ್ಟಿದವರಿಗೆ ಈ ಸಲಹೆ ಇತ್ತು. ಅಂದ್ರೆ ಆ ಟೇಬಲ್‌ನ ಯಾವ ಬದಿಯಲ್ಲಿ ನಾನು ಕೂರಬೇಕಿತ್ತು ಅನ್ನೋದು ಮೊದಲೇ ಬರೆದಿಟ್ಟಿತ್ತು!

ಸಿ ಇರಲಿಲ್ಲ. ಬಿ ಮೂರು ಭಾಗದ ಪರೀಕ್ಷೆ. ವೈರಸ್ ಈಗ ಇದೆಯಾ ಅನ್ನೋದಕ್ಕೆ ಉತ್ತರ, ಇಲ್ಲ. ರಕ್ಷಣೆ ಇದೆಯಾ ಅನ್ನೋದಕ್ಕೆ ಹೌದು. ಯಾವತ್ತಾದರೂ ಬಂದುಹೋಗಿತ್ತಾ ಅನ್ನೋದಕ್ಕೂ ಹೌದು. ಲಸಿಕೆಯಿಂದ ಬಂದ ರಕ್ಷಣೆಯಾಗಿದ್ದರೆ ಈ ಮೂರನೆಯದು 'ಇಲ್ಲ' ಅಂತ ಬರಬೇಕಿತ್ತು. ಅಂದರೆ ನನಗೆ ಗೊತ್ತೇ ಇಲ್ಲದೆ ಯಾವಾಗಲೋ ಆ ವೈರಸ್ ನನ್ನ ಮೈಯೊಳಗೆ ಬಂದು, ಇದ್ದು, ಹೊರಟುಹೋಗಿತ್ತು. ಮುಂದೆ ಎಂದಾದರೂ ಕ್ಯಾನ್ಸರ್‌ಗೋ, ರೋಗನಿರೋಧಕ ಶಕ್ತಿ ಕುಗ್ಗಿಸುವಂಥ ಚಿಕಿತ್ಸೆಗೋ ಒಳಗಾದರೆ ಇದನ್ನು ಹೇಳಬೇಕು, ಆಗ ಅದು ಮತ್ತೆ ತಲೆ ಎತ್ತಬಹುದು ಅಂದರು ಡಾಕ್ಟರು. ಬೇರೇನೂ ಮಾಡಬೇಕಿಲ್ಲ.

ಕಾರಲ್ಲಿ ಕೂತು ಅಳು ಬಂತು. ಭಯಕ್ಕಲ್ಲ. ಅದೇ ಸಿರಿಂಜು ಅಣ್ಣನಿಗೂ ಚುಚ್ಚಿತ್ತಲ್ಲ ಅಂತ.

ಅಮ್ಮನಿಗೆ ಫೋನ್ ಮಾಡಿದೆ. ಮೊದಲು ತಪ್ಪು ಮಾಡಿದೆ, "ಅಮ್ಮ, ನೀವೆಲ್ಲ ಒಂದು ಬ್ಲಡ್ ಟೆಸ್ಟ್ ಮಾಡಿಸ್ಬೇಕು" ಅಂದೆ. "ನಂಗೇನಾಗಿದ್ಯೇ? ಗುಂಡುಕಲ್ಲಿನ ಹಂಗಿದೀನಿ. ಒಂದು ನೋವಿಲ್ಲ, ಒಂದು ನರಳಾಟ ಇಲ್ಲ" ಅಂದಳು. ನೋ ಮೆ ದುವೆಲೆ ನಾದಾ! ಸ್ಯಾನ್ ಆಂಟೋನಿಯೋದ ಆ ಪಾರ್ಕಿಂಗ್ ಜಾಗವೇ ಕಿವಿಯಲ್ಲಿ ಕೇಳಿಸಿದ ಹಾಗಾಯ್ತು. ಎರಡು ದಿನ ಬಿಟ್ಟು ಮತ್ತೆ ಮಾಡಿದೆ. ಈ ಸಲ, "ಅಮ್ಮ, ಆ ಕಾಂಪೌಂಡರ್ ಮಾಮ ನೆನಪಿದಾರಾ?" ಅಂದೆ.

ಅಮ್ಮ ಅರ್ಧ ಗಂಟೆ ಮಾತಾಡಿದಳು. ಅಣ್ಣ ಎರಡು ವರ್ಷದವನಿದ್ದಾಗ ತಿಂಗಳಿಗೊಂದು ಸಲ ಜ್ವರ ಬಂದು ಸೂಜಿ ಹಾಕಿಸಿದ್ದು, ಅವನು ಸೈಕಲ್ ಬೆಲ್ ಕೇಳಿದ್ರೆ ಪಣತದೊಳಗೆ ಅಡಗಿಕೊಳ್ತಿದ್ದದ್ದು. ಮಾತಾಡ್ತಾ ಮಾತಾಡ್ತಾ ಒಮ್ಮೆ ಸುಮ್ಮನಾದಳು. ಆಮೇಲೆ ತಾನಾಗಿಯೇ ಕೇಳಿದಳು. "ಹಂಗಾದ್ರೆ ನಿಮ್ ಸೋದರಮಾವಂಗೂ ಅದೇ ಆಗಿತ್ತೇನೇ?"

ಸೋದರಮಾವ ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಹೋದರು. ಹೊಟ್ಟೆಯಲ್ಲಿ ನೀರು ತುಂಬಿ. ಲಿವರ್ ಹೋಗಿದೆ ಅಂದಿದ್ರು. ಒಂದು ತೊಟ್ಟು ಕುಡಿದವರಲ್ಲ. ಆದರೆ ಊರೆಲ್ಲ ಕದ್ದು ಕುಡೀತಿದ್ದ ಅಂತಲೇ ಮಾತಾಡಿಕೊಂಡಿತು. ತಿಥಿಯ ದಿನವೂ ಆ ಮಾತು ಬಂತು. ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ. ಅವರಿಗೆ ಏನಾಗಿತ್ತು ಅಂತ ಈಗ ತಿಳಿಯೋ ದಾರಿ ಇಲ್ಲ. ಆದರೆ ಅಮ್ಮನಿಗೆ ಆ ಒಂದು ಸಾಧ್ಯತೆಯೇ ಸಾಕಾಯ್ತು.

ಮಾರನೇ ವಾರ ಅಮ್ಮ ಅಣ್ಣನನ್ನು ಬೆಂಗಳೂರಿನ ಲ್ಯಾಬಿಗೆ ತಾನೇ ಎಳೆದುಕೊಂಡು ಹೋದಳು. ಅಮ್ಮನಿಗೆ ಏನೂ ಇರಲಿಲ್ಲ. ಅಣ್ಣನಿಗೆ ಹೆಪಟೈಟಿಸ್ ಬಿ ಇತ್ತು.

ಅಣ್ಣನಿಗೆ ನಲವತ್ತು. ಐಟಿ ಕೆಲಸ, ವಾರಕ್ಕೆ ಮೂರು ದಿನ ಬ್ಯಾಡ್ಮಿಂಟನ್. ಪ್ರತಿ ವರ್ಷ ಆಫೀಸಿನ ಹೆಲ್ತ್ ಚೆಕಪ್ ಮಾಡಿಸ್ತಾನೆ. ಆ ಪ್ಯಾಕೇಜಿನಲ್ಲಿ ಕೊಲೆಸ್ಟ್ರಾಲ್ ಇತ್ತು, ಥೈರಾಯ್ಡ್ ಇತ್ತು, ವಿಟಮಿನ್ ಡಿ ಇತ್ತು. ಕೆಲವು ನೂರು ರೂಪಾಯಿಯ ಎಚ್‌ಬಿಎಸ್‌ಎಜಿ ಇರಲಿಲ್ಲ. ಲಿವರ್ ರಿಪೋರ್ಟ್ ಯಾವಾಗಲೂ ನಾರ್ಮಲ್ಲೇ ಬರ್ತಿತ್ತು, ಅದು ನಾರ್ಮಲ್ ಇದ್ದೂ ವೈರಸ್ ಇರಬಹುದು. ವಯಸ್ಕರಲ್ಲಿ ಬಿ ತಗುಲಿದರೆ ನೂರಕ್ಕೆ ತೊಂಬತ್ತೈದು ಜನರಿಗೆ ತಾನಾಗೇ ಹೋಗುತ್ತೆ, ಎಳೇ ಮಕ್ಕಳಿಗೆ ಬಂದರೆ ಬಹುಪಾಲು ಉಳಿದುಬಿಡುತ್ತೆ. ನನಗೂ ಅವನಿಗೂ ಇದ್ದ ವ್ಯತ್ಯಾಸ ಪ್ರಾಯಶಃ ಅಷ್ಟೇ.

ಎರಡು ವಾರ ಅತ್ತಿಗೆಗೆ ಹೇಳದೆ ಒದ್ದಾಡಿದ. ಕೊನೆಗೆ ರಾತ್ರಿ ವಿಡಿಯೋ ಕಾಲ್ ಮಾಡಿ, "ಅವಳು ನನ್ನ ತಟ್ಟೆ ಬೇರೆ ಇಟ್ರೆ?" ಅಂದ. ನಾನು ಅವನಿಗೆ ಛಾವಣಿ ಕೆಲಸದವನ ಕಥೆ ಹೇಳಿದೆ, ಟೋರ್ಟಿಯಾದ ಕಥೆ. ಅತ್ತಿಗೆ ಮಾತ್ರ ನಮ್ಮೆಲ್ಲರಿಗಿಂತ ಗಟ್ಟಿ. "ಇದಕ್ಕೆ ಎರಡು ವಾರ ಮುಖ ಊದಿಸ್ಕೊಂಡಿದ್ರಾ?" ಅಂದರಂತೆ. ಅವರೂ ಪರೀಕ್ಷೆ ಮಾಡಿಸಿಕೊಂಡರು, ಲಸಿಕೆ ಹಾಕಿಸಿಕೊಂಡರು. ಮಗಳಿಗೆ ಹುಟ್ಟಿದಾಗಲೇ ಲಸಿಕೆ ಆಗಿತ್ತು. 2011ರ ಹೊತ್ತಿಗೆ ಭಾರತದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೂ ಇದು ಸೇರಿತ್ತು. ನಾವು, ಅದಕ್ಕೂ ಹಿಂದೆ ಹುಟ್ಟಿದ ತಲೆಮಾರು, ಆ ಪಟ್ಟಿಯಿಂದ ಹೊರಗೆ ಉಳಿದವರು.

ಅಣ್ಣನಿಗೆ ಸದ್ಯ ಮಾತ್ರೆ ಬೇಕಿಲ್ಲ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಸ್ಕ್ಯಾನ್. ಇದನ್ನು ಬರೆಯೋಕೆ ಅವನೇ ಹೇಳಿದ್ದು. ನಮ್ಮ ದೇಶದಲ್ಲಿ 2022ರಲ್ಲಿ ಸುಮಾರು 2.98 ಕೋಟಿ ಜನಕ್ಕೆ ಬಿ, 55 ಲಕ್ಷ ಜನಕ್ಕೆ ಸಿ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ. ಇದೂ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಛಾವಣಿ ಕೆಲಸದವನ ರಕ್ತದಲ್ಲಿ ವೈರಸ್ ಇತ್ತು. ಸಿ ಕಾಯಿಲೆಯ ಹೊಸ ಮಾತ್ರೆ ಸೋಫೋಸ್ಬುವಿರ್ 2013ರ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಮಾತ್ರೆಗೆ 1000 ಡಾಲರ್, ಹನ್ನೆರಡು ವಾರಕ್ಕೆ 84,000. ಮರುವರ್ಷವೇ ಬೆಂಗಳೂರಿನ ಸ್ಟ್ರೈಡ್ಸ್ ಸೇರಿ ಏಳು ಕಂಪನಿಗಳಿಗೆ ಅದೇ ಮಾತ್ರೆಯನ್ನು ಅಗ್ಗವಾಗಿ ತಯಾರಿಸುವ ಪರವಾನಗಿ ಸಿಕ್ಕಿತು, ಆದರೆ ಅಮೆರಿಕದಲ್ಲಿ ಮಾರುವ ಹಾಗಿಲ್ಲ. ಇಲ್ಲಿ ಬೆಲೆ ಆಮೇಲೆ ಇಳಿದರೂ ಕೂಲಿಯವನಿಗೆ ಎಟುಕುವಂಥದ್ದಲ್ಲ. ವಿಮೆ ಇಲ್ಲದವರಿಗೆ ಔಷಧ ಕಂಪನಿಗಳ ನೆರವು ಯೋಜನೆ ಇರುತ್ತೆ, ಅರ್ಜಿ ತುಂಬೋದೇ ಒಂದು ಕೆಲಸ. ತೀಯಾ ಹೇಳ್ತಾ ಹೋದರು, ನಾನು ತುಂಬಿದೆ. ಹದಿನೇಳು ಪುಟ.

ಹನ್ನೆರಡು ವಾರ ಮಾತ್ರೆ, ಮತ್ತೆ ಹನ್ನೆರಡು ವಾರ ಕಾದು ಕೊನೆಯ ಪರೀಕ್ಷೆ. ವೈರಸ್ ಇರಲಿಲ್ಲ. ಅವತ್ತು ಕ್ಲಿನಿಕ್ ಬಾಗಿಲಲ್ಲಿ ಸಿಕ್ಕಿದ. ಅವನಿಗೆ ನಿಜ ಹೇಳಿಬಿಟ್ಟೆ. "ಅವತ್ತು ನೀವು ಕೇಳಿದಾಗ ನಾನು ಮಾಡಿಸಿರಲಿಲ್ಲ. ಆಮೇಲೆ ಮಾಡಿಸಿದೆ. ನಮ್ಮಣ್ಣನಿಗೆ ಇರೋದು ಅದರಿಂದ ಗೊತ್ತಾಯ್ತು."

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. "ಅಣ್ಣನಿಗೆ ಈಗ ಯಾರಾದ್ರೂ ಜೊತೆಗಿದ್ದಾರಾ?" ಅಂತ ಕೇಳಿದ. ಇದ್ದಾರೆ ಅಂದೆ. "ಹಾಗಾದ್ರೆ ಸರಿ," ಅಂದ.

ಈಗಲೂ ತಿಂಗಳಿಗೊಂದು ಭಾನುವಾರ ಆ ಟೇಬಲ್ ಹಾಕ್ತೀವಿ. ಹೋದ ತಿಂಗಳು ನೀಲಿ ಫ್ರಾಕಿನ ಅಜ್ಜಿ ದೂರದಲ್ಲಿ ಕಂಡರು. ಇನ್ನೂ ಹತ್ತಿರ ಬಂದಿಲ್ಲ. ಆದರೆ ತಮ್ಮ ಮಗನನ್ನು ನಮ್ಮ ಟೇಬಲ್ ಕಡೆ ಕಳಿಸಿ, ತಾವು ಮರದ ಕೆಳಗೆ ನಿಂತು ನೋಡ್ತಿದ್ರು. ಒಂದು ಬನ್ನನ್ನು ಕಾಗದದಲ್ಲಿ ಸುತ್ತಿ ಅವರಿಗೂ ಕೊಟ್ಟು ಕಳಿಸಿದೆ.

ಓದ್ತಿರೋ ನಿಮ್ಮನ್ನು ಒಂದೇ ಒಂದು ಕೇಳ್ತೀನಿ. ಇವತ್ತು ರಾತ್ರಿ ಅಮ್ಮನಿಗೋ ಅಪ್ಪನಿಗೋ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಇದನ್ನೂ ಕೇಳಿ ನೋಡಿ. ನಾವು ಚಿಕ್ಕವರಿದ್ದಾಗ ನಮ್ಮನೇಲಿ ಇಂಜೆಕ್ಷನ್ ಯಾರು ಕೊಡ್ತಿದ್ರು?